ತೋಟಕ್ಕೆ ಮದ್ದು ಬಿಟ್ಟು ಆಗಲಿ ಅಂತ ಕಾಯಬೇಡ ಕೂಸೇ

ಪ್ರೀತಿಯ ಕೂಸೇ,

ನಿನ್ನೆ ರಾತ್ರಿ ನೀನು ಫೋನು ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ನೀನು ಅಳುತ್ತಿದ್ದೆ, ಹಾಗಾಗಿ ಹೇಳಬೇಕಾದ್ದು ಅರ್ಧ ಬಾಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ 8 ವರ್ಷ ಆಯಿತು, ಮಾತ್ರೆಯೂ ಮುಗಿಯಿತು, ಈಗ ಸ್ನಾನ ಮಾಡುವಾಗ ಗಾಯದ ಗೆರೆಯ ಹತ್ತಿರ ಕೈಗೆ ಏನೋ ಗಟ್ಟಿ ಸಿಕ್ಕಿದೆ. ತೋಟಕ್ಕೆ ಮದ್ದು ಬಿಟ್ಟು ಆಗಲಿ, ಮಗನ ಶಾಲೆ ಶುರುವಾಗಲಿ, ಆಮೇಲೆ ತೋರಿಸುತ್ತೇನೆ ಅಂದೆಯಲ್ಲ, ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಅದೇ ಮಾತನ್ನು ನಾನೂ ಒಮ್ಮೆ ಆಡಿದವಳು.

ಇದು ನಿನಗೆ ಪೂರ್ತಿ ಗೊತ್ತಿಲ್ಲ. ನನ್ನ ಮೊದಲ ಆಪರೇಷನ್ ಆಗಿ 6 ವರ್ಷ ಕಳೆದ ಮೇಲೆ, 2017ರಲ್ಲಿ, ಅದೇ ಬದಿಯಲ್ಲಿ ಚರ್ಮದ ಅಡಿಗೆ ಹುಣಸೆ ಬೀಜದಷ್ಟು ಒಂದು ಗಂಟು ಬಂತು. ನೋವಿಲ್ಲ. ಒತ್ತಿದರೆ ಜಾರುತ್ತಿರಲಿಲ್ಲ, ಅಲ್ಲೇ ಅಂಟಿಕೊಂಡಿತ್ತು. ಮನೆಯಲ್ಲಿ ಉಪನಯನ ಇತ್ತು. ಎರಡೂವರೆ ತಿಂಗಳು ಯಾರಿಗೂ ಹೇಳಲಿಲ್ಲ. ಹಗಲೆಲ್ಲ ಅಕ್ಕಿ ಬೆಲ್ಲದ ಲೆಕ್ಕ, ಅಡಿಗೆಯವರ ಹತ್ತಿರ ಮಾತು. ರಾತ್ರಿ ದೀಪ ಆರಿಸಿದ ಮೇಲೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ದೊಡ್ಡದಾಯಿತಾ ಇಲ್ವಾ ಅಂತ. ಆ ದಿನಗಳಷ್ಟು ಕಷ್ಟ ಆಮೇಲಿನ ಆಪರೇಷನ್, ರೇಡಿಯೇಷನ್ ಯಾವುದರಲ್ಲೂ ಆಗಲಿಲ್ಲ. ಉಪನಯನದ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಆ ಫೋಟೋ ನನಗೆ ಈಗಲೂ ನೋಡಲಿಕ್ಕೆ ಆಗುವುದಿಲ್ಲ.

ನನ್ನ ಹಾಗೆ ನಿನ್ನದೂ ಕ್ಯಾನ್ಸರ್ ಮರಳಿ ಬಂದದ್ದೇ ಅಂತ ನಾನು ಹೇಳುವುದಿಲ್ಲ. ಆಪರೇಷನ್, ರೇಡಿಯೇಷನ್ ಆದ ಜಾಗದಲ್ಲಿ ಕೊಬ್ಬು ಸತ್ತು ಗಟ್ಟಿಯಾಗಿ ಗಂಟಿನ ಹಾಗೇ ಆಗುವುದುಂಟು, ವರ್ಷಗಟ್ಟಲೆ ಬಿಟ್ಟೂ ಆಗುತ್ತದೆ. ಗಾಯದ ನಾರೂ ಗಟ್ಟಿ ಸಿಗುತ್ತದೆ. ಆದರೆ ನಿನ್ನದು ಹಾರ್ಮೋನ್ ಪಾಸಿಟಿವ್ ಅಲ್ವಾ, ಅಂದರೆ ಮೈಯ ಹಾರ್ಮೋನಿನಿಂದ ಬೆಳೆಯುವಂಥದ್ದು, ಆ ಬಗೆಯದ್ದು 5 ವರ್ಷ ದಾಟಿತು ಅಂತ ಸುಮ್ನೆ ಇರುವುದಲ್ಲ, 10–15 ವರ್ಷದ ಮೇಲೂ ಮರಳಿ ಬರಬಹುದು. ಕೈಯಲ್ಲಿ ಮುಟ್ಟಿ ಇದು ಯಾವುದು ಅಂತ ನಿನಗೂ ಹೇಳಲಿಕ್ಕಾಗದು, ನನಗೂ ಆಗದು. ಸ್ಕ್ಯಾನ್ ಮಾಡಿ, ಸೂಜಿಯಲ್ಲಿ ತುಂಡು ತೆಗೆದು ನೋಡಲೇಬೇಕು. ಬಯೋಪ್ಸಿ ಮಾಡಿದರೆ ಹರಡುತ್ತದೆ ಅಂತ ಅತ್ತೆ ಹೇಳಿದ್ದರು ಅಂದೆ. ಅವರ ಮೇಲೆ ಸಿಟ್ಟು ಬೇಡ, ಹೆದರಿಕೆಗೆ ಹೇಳಿದ್ದು, ಆದರೆ ಆ ಹೆದರಿಕೆಗೆ ಪರೀಕ್ಷೆ ಬಿಡುವುದು ಬೇಡ.

ಒಂದು ವೇಳೆ ಅದೇ ಆಗಿದ್ದರೂ, ಹಳೆ ರಿಪೋರ್ಟ್ ಇದೆಯಲ್ಲ ಅಂತ ಅದರ ಮೇಲೇ ಮದ್ದು ಶುರು ಮಾಡುವುದು ಬೇಡ. ಇಆರ್, ಪಿಆರ್ ಅಂತ ಹಾರ್ಮೋನಿನ ಪರೀಕ್ಷೆ, ಹರ್-2 ಅಂತ ಒಂದು ಪ್ರೋಟೀನಿನ ಪರೀಕ್ಷೆ, ಎಲ್ಲ ಹೊಸ ತುಂಡಿನಲ್ಲಿ ಮತ್ತೆ ಮಾಡಲಿಕ್ಕೆ ಕೇಳು, ಮೊದಲಿದ್ದದ್ದು ಬದಲಾಗಿರುವುದುಂಟು, ಬದಲಾದರೆ ಮದ್ದೂ ಬದಲಾಗುತ್ತದೆ. ಬೇರೆಲ್ಲಿಗೂ ಹೋಗದೆ ಅಲ್ಲೇ ಬಂದದ್ದಾದರೆ ತೆಗೆದು ಪೂರ್ತಿ ಗುಣ ಮಾಡುವ ಉದ್ದೇಶದಿಂದಲೇ ಡಾಕ್ಟರು ಕೆಲಸ ಮಾಡುತ್ತಾರೆ. ಎಲುಬಿಗೋ ಶ್ವಾಸಕೋಶಕ್ಕೋ ಹೋಗಿದ್ದರೆ ದಾರಿ ಬೇರೆ, ಅದು ಪೂರ್ತಿ ಹೋಗುವುದಲ್ಲ, ಆದರೆ ಅದಕ್ಕೂ ಈಗ ಮದ್ದಿದೆ, ಮಾತ್ರೆ ನುಂಗಿಕೊಂಡು ಮನೆಯಲ್ಲೇ ವರ್ಷಗಟ್ಟಲೆ ಇರುವವರಿದ್ದಾರೆ. ಬೆನ್ನಲ್ಲಿ, ಸೊಂಟದಲ್ಲಿ ಬಿಡದ ನೋವು ಇದ್ದರೆ ತೋಟದ ಕೆಲಸದ್ದು ಅಂತ ಮುಚ್ಚಿಡಬೇಡ, ಡಾಕ್ಟರಿಗೆ ಹೇಳು.

ಫೈಲಿನ ವಿಷಯ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ–ಕರ್ನಾಟಕದ ಗಡಿ ಮುಚ್ಚಿದಾಗ ನನ್ನ ಡಾಕ್ಟರು ಮಂಗಳೂರಿನಲ್ಲಿ, ಕಾಗದಪತ್ರವೂ ಅಲ್ಲೇ, ನಾನು ಇಲ್ಲಿ ಕಾಸರಗೋಡಿನ ಕಡೆ. ಮಾತ್ರೆ ಮುಗಿಯುತ್ತಾ ಬಂತು, ಇಲ್ಲಿಯ ಡಾಕ್ಟರಿಗೆ ತೋರಿಸಲಿಕ್ಕೆ ಒಂದು ಚೀಟಿ ಇರಲಿಲ್ಲ. ಆವತ್ತಿನಿಂದ ಎಲ್ಲದರ ಝೆರಾಕ್ಸ್ ಗೋದ್ರೇಜಿನಲ್ಲಿ ಇಟ್ಟಿದ್ದೇನೆ. ನೀನೂ ಆಪರೇಷನ್ನಿನ ರಿಪೋರ್ಟ್, ಕಿಮೋ ಎಷ್ಟು ಸಲ, ರೇಡಿಯೇಷನ್ ಎಷ್ಟು, ಮಾತ್ರೆ ಯಾವಾಗ ನಿಲ್ಲಿಸಿದ್ದು, ಎಲ್ಲ ತೆಗೆದಿಡು. ಮಂಗಳೂರು ನಮಗೆ ಹತ್ತಿರ, ಭಾಷೆಯೂ ನಮ್ಮದೇ. ಎರಡನೇ ಅಭಿಪ್ರಾಯ ಬೇಕು ಅನಿಸಿದರೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ಕಾಸರಗೋಡಿನಿಂದ ರೈಲಿನಲ್ಲೇ ಹೋಗಬಹುದು, ಮಲಯಾಳ ನಾನು ಮಾತಾಡುತ್ತೇನೆ.

ಗಂಡನಿಗೆ ಇವತ್ತೇ ಹೇಳು. ಅವನು ಕಂಗಾಲಾಗುತ್ತಾನೆ ಅಂತ ನೀನು ಹೆದರುವುದು ನನಗೆ ಅರ್ಥವಾಗುತ್ತದೆ. ಕಂಗಾಲಾಗಲಿ, ಒಂದು ರಾತ್ರಿ ಇಬ್ಬರೂ ಕೂತು ಅಳಿ. ನಿನ್ನ ದೊಡ್ಡಪ್ಪ ನನ್ನ ಮೇಲೆ ಮುನಿಸಿಕೊಂಡದ್ದು ಒಂದೇ ವಿಷಯಕ್ಕೆ, ಎರಡೂವರೆ ತಿಂಗಳು ಪಕ್ಕದಲ್ಲೇ ಮಲಗಿದ್ದೆ, ಹೇಳಲಿಲ್ಲವಲ್ಲ ಅಂತ. ಮಗನಿಗೆ ರಿಪೋರ್ಟ್ ಬಂದ ಮೇಲೆ ಹೇಳಿದರೆ ಸಾಕು. ತೋಟಕ್ಕೆ ಮದ್ದು ಬಿಡುವುದಕ್ಕೆ ಜನ ನಾವು ನೋಡಿಕೊಳ್ಳುತ್ತೇವೆ, ಮಳೆ ಹಿಡಿಯುವ ಮೊದಲು ಒಂದು ಸುತ್ತು ಆಗುತ್ತದೆ.

ಏನೂ ಇರುವುದಿಲ್ಲ, ಧೈರ್ಯವಾಗಿರು ಅಂತ ನಾನು ಬರೆಯುವುದಿಲ್ಲ. ನನಗೆ ಹಾಗೆ ಹೇಳಿದವರ ಹತ್ತಿರ ಆಮೇಲೆ ನನಗೆ ಮಾತೇ ಬರುತ್ತಿರಲಿಲ್ಲ. ಹೆದರಿಕೆ ಆಗಲಿ, ಹೆದರಿಕೊಂಡೇ ಹೋಗುವ, ನಾನಿದ್ದೇನೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಮುಂದೆ ಗುಂಡಿ ಇರುವ ಬಟ್ಟೆ ಹಾಕಿಕೋ, ಅಲ್ಲಿ ಬಿಚ್ಚಿ ಹಾಕಲಿಕ್ಕೆ ಸುಲಭ. ಕಂಕುಳ ಗಂಟು ತೆಗೆದ ಕೈಗೆ ಸೂಜಿ ಚುಚ್ಚುವುದು ಬೇಡ, ಇನ್ನೊಂದು ಕೈ ತೆಗೆದುಕೊಳ್ಳಿ ಅಂತ ಮೊದಲೇ ಹೇಳು, ನೀನು ಮರೆತರೆ ನಾನು ಹೇಳುತ್ತೇನೆ. ಇಡ್ಲಿ ನಾನು ಕಟ್ಟಿಕೊಂಡು ಬರುತ್ತೇನೆ.

ನಿನ್ನ
ದೊಡ್ಡಮ್ಮ