ಹದಿನಾರನೆಯ ನಂಬರಿನ ಅಂಗಿ

ಸ್ಯಾನ್ ಆಂಟೋನಿಯೊ,
7-10-2025

ಚಿರಂಜೀವಿ ಶ್ರೀನಿಧಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮೊನ್ನೆ ಶನಿವಾರ ಗೇನ್ಸ್‌ವಿಲ್‌ನಲ್ಲಿ ಫ್ಲೋರಿಡಾದವರ ಕೈಯಲ್ಲಿ ನಮ್ಮ ಟೆಕ್ಸಸ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ 29–21ರಿಂದ ಸೋತು ಅರ್ಧ ಗಂಟೆಯೂ ಕಳೆದಿರಲಿಲ್ಲ, ನೀನು ಫೋನ್ ಮಾಡಿ, ಚೆಂಡೆಸೆದು ಆಟ ನಡೆಸುವ ನಮ್ಮ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಬರೀ ಮನೆತನದ ಹೆಸರಿನ ಮೇಲೆ ಮೆರೆಯುವ ಹುಡುಗನೆಂದೂ, ಅಗಸ್ಟಿನಲ್ಲಿ ಕೊಂಡ ಅವನ ಹದಿನಾರನೆಯ ನಂಬರಿನ ಅಂಗಿಯನ್ನು ನೆಲ ಒರೆಸಲು ಹಾಕಿರುವೆನೆಂದೂ, ಬರುವ ಶನಿವಾರ ಓಕ್ಲಹೋಮಾ ಎದುರಿನ ಡಲ್ಲಾಸ್ ಪಂದ್ಯದ ಟಿಕೆಟನ್ನು ಯಾರಿಗಾದರೂ ಮಾರಿಬಿಡುವೆನೆಂದೂ ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಹೂಂಗುಟ್ಟಿ ಸುಮ್ಮನಾದೆ. ಫೋನಿನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಕಾಗದ ಬರೆದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಹುಡುಗನ ಬಗ್ಗೆ ನನಗೂ ಸಂಶಯವಿದೆ, ಮತ್ತು ನನ್ನ ಸಂಶಯ ನಿನ್ನದಕ್ಕಿಂತ ಹಳೆಯದು. ಅಗಸ್ಟಿನಲ್ಲಿ ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿ ಬಂದು, ಟೆಕ್ಸಸ್ ತಂಡದ ಇತಿಹಾಸದಲ್ಲಿ ಮೊಟ್ಟಮೊದಲ ಸಲ ಋತು ಶುರುವಾಗುವ ಮುಂಚೆಯೇ ನಮಗೆ ಮೊದಲ ಸ್ಥಾನ ಸಿಕ್ಕಿತೆಂದು ನೀನು ಕುಣಿದಾಡಿದ ದಿನ, ನಮ್ಮ ಮನೆಯ ಊಟದ ಮೇಜಿನ ಮುಂದೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಇವನು ಇಲ್ಲಿಯವರೆಗೆ ಮೊದಲ ಆಟಗಾರನಾಗಿ ಇಳಿದ ಪಂದ್ಯಗಳೆಷ್ಟು? ಎರಡು. ಆಗಿನ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಪೆಟ್ಟು ಮಾಡಿಕೊಂಡು ಹೊರಗೆ ಕುಳಿತಾಗ, ಲೂಸಿಯಾನಾ–ಮನ್ರೋ ಮತ್ತು ಮಿಸಿಸಿಪ್ಪಿ ಸ್ಟೇಟ್ ತಂಡಗಳ ಮೇಲೆ. ಅಷ್ಟು ಕಡಿಮೆ ಆಡಿದವನ ಮೇಲೆ ಅಷ್ಟು ದೊಡ್ಡ ಕಿರೀಟವನ್ನು ಇಟ್ಟವರು ನಾವೇ ಹೊರತು ಅವನಲ್ಲ.

ನಿನ್ನ ನಂಬಿಕೆ ಹುಟ್ಟಿದ ಗಳಿಗೆಯೂ ನನಗೆ ಗೊತ್ತು. ಮೈಸೂರಿನಿಂದ ಎಂ.ಎಸ್. ಓದಲು ಬಂದು ಒಂದು ತಿಂಗಳೂ ತುಂಬಿರದ ನಿನ್ನನ್ನು 2024ರ ಸೆಪ್ಟೆಂಬರ್ 14ರಂದು ನಾನೇ ಸ್ಟೇಡಿಯಮ್ಮಿಗೆ ಕರೆದೊಯ್ದಿದ್ದೆ. ಯೂವರ್ಸ್ ನೋವಿನಿಂದ ಹೊರನಡೆದ, ಮ್ಯಾನಿಂಗ್ ಬಂದ, ಎದುರಾಳಿಯ ಕೊನೆಗೆರೆ ದಾಟಿಸುವ ನಾಲ್ಕು ಟಚ್‌ಡೌನ್ ಪಾಸ್ ಎಸೆದ, ಅಲ್ಲದೆ 67 ಯಾರ್ಡ್ ಒಬ್ಬನೇ ಓಡಿ ಇನ್ನೊಂದನ್ನು ಮುಟ್ಟಿಸಿದ. ಯುಟಿಎಸ್‌ಎ ತಂಡವನ್ನು ನಾವು 56–7ರಿಂದ ಮಣಿಸಿದೆವು. ಡೌನ್ (ಮುಂದೆ ಸಾಗಲು ತಂಡಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಒಂದು) ಎಂದರೇನೆಂದು ಅದೇ ದಿನ ಬೆಳಗ್ಗೆ ಕಲಿತಿದ್ದ ನೀನು ಸಂಜೆಯ ಹೊತ್ತಿಗೆ ಭಕ್ತನಾಗಿದ್ದೆ. ಮೊದಲ ಸಲ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಹೋದವನಿಗೆ ಶತಕವೇ ನೋಡಲು ಸಿಕ್ಕರೆ ಕ್ರಿಕೆಟ್ ಎಂದರೆ ದಿನವೂ ಶತಕವೆಂದು ಅನ್ನಿಸುವ ಹಾಗೆ, ಆ ಒಂದು ಸಂಜೆಯನ್ನೇ ಅಳತೆಗೋಲು ಮಾಡಿಕೊಂಡು ನೀನು ಈಗ ಉಳಿದ ಸಂಜೆಗಳನ್ನೆಲ್ಲ ಅಳೆಯುತ್ತಿದ್ದೀಯೆ.

ಇನ್ನು ಅವನಲ್ಲಿ ಕೊರತೆ ಏನು ಎಂಬುದಕ್ಕೆ ಬರೋಣ. ನೀನು 'ಅವನಿಗೆ ಎಸೆಯಲು ಬರುವುದಿಲ್ಲ' ಎನ್ನುತ್ತೀಯೆ. ತೋಳಿನಲ್ಲಿ ಏನೂ ಕೊರತೆಯಿಲ್ಲ. ಸ್ಯಾಮ್ ಹ್ಯೂಸ್ಟನ್ ತಂಡದ ಮೇಲೆ ಎಸೆದ 21 ಪಾಸುಗಳಲ್ಲಿ 18 ಗುರಿ ಮುಟ್ಟಿದ್ದನ್ನು, 55–0 ಆದದ್ದನ್ನು ನೀನೇ ನೋಡಿದ್ದೀಯೆ. ಅವನನ್ನು ಕಾಯಲು ಗೋಡೆಯಂತೆ ನಿಂತ ಐವರ ಲೈನಿನ ಹಿಂದೆ ಸಮಯ ಸಿಕ್ಕಾಗ ಅವನು ಚೆನ್ನಾಗಿಯೇ ಎಸೆಯುತ್ತಾನೆ. ಕೊರತೆ ಇರುವುದು ಕಾಲಿನಲ್ಲಿ. ಎದುರಾಳಿಗಳು ನುಗ್ಗಿ ಬಂದಾಗ ಅನುಭವಸ್ಥ ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದಿಡುತ್ತಾನೆ, ಏಕೆಂದರೆ ಎರಡು ಪಕ್ಕಗಳಿಂದ ಬಂದವರು ಆಗ ಅವನ ಬೆನ್ನ ಹಿಂದೆ ಹಾದುಹೋಗುತ್ತಾರೆ, ಎಡಗಾಲು ಗುರಿಯ ಕಡೆ ಊರಿರುವುದರಿಂದ ಚೆಂಡಿಗೆ ದೇಹದ ಭಾರವೂ ಸಿಗುತ್ತದೆ. ಮ್ಯಾನಿಂಗ್ ಹಾಗೆ ಮಾಡದೆ ಹಿಂದಕ್ಕೆ ಜರುಗುತ್ತಾನೆ. ಬಲಗಾಲಿನ ಮೇಲೆಯೇ ವಾಲಿಕೊಂಡು, ತೋಳನ್ನು ಭುಜಕ್ಕಿಂತ ಕೆಳಗಿನಿಂದ ಬೀಸಿ ಎಸೆಯುತ್ತಾನೆ, ಚೆಂಡು ಹಿಡಿಯುವವನ ಮೊಣಕಾಲಿಗೆ ಹೋಗುತ್ತದೆ ಇಲ್ಲವೇ ಅವನ ತಲೆಯ ಮೇಲಿಂದ ಹಾರುತ್ತದೆ. ಅಗಸ್ಟ್ 30ರಂದು ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ ಎದುರು ನಾವು 14–7ರಿಂದ ಸೋತಾಗ ಮೊದಲ ಮೂರು ಕಾಲುಭಾಗ ನಾನು ಕಂಡದ್ದು ಇದನ್ನೇ. 30ರಲ್ಲಿ 17 ಪಾಸು, 170 ಯಾರ್ಡ್ ಎಂಬ ಅಂಕಿ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಆಟ ನೋಡಿದವರಿಗೆ ಹಾಗೆ ಅನ್ನಿಸಲಿಲ್ಲ.

ಇದು ಒಬ್ಬನದೇ ತಪ್ಪಲ್ಲ ಎಂಬುದನ್ನೂ ನೀನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಳೆದ ವರ್ಷ ಯೂವರ್ಸ್‌ನ ಮುಂದೆ ನಿಂತು ಕಾದ ಐವರಲ್ಲಿ ಕೆಲ್ವಿನ್ ಬ್ಯಾಂಕ್ಸ್ ಸೇರಿದಂತೆ ನಾಲ್ವರು ಹೊರಟುಹೋದರು, ಉಳಿದವನು ಡಿ.ಜೆ. ಕ್ಯಾಂಬೆಲ್ ಒಬ್ಬನೇ. ಗೇನ್ಸ್‌ವಿಲ್‌ನಲ್ಲಿ ಮ್ಯಾನಿಂಗ್ ಆರು ಸಲ ಚೆಂಡಿನ ಸಮೇತ ನೆಲಕ್ಕೆ ಬಿದ್ದ, ಓಟದಲ್ಲೂ ನಮ್ಮ ತಂಡಕ್ಕೆ ಅವನೇ ಮುಂದಾಳಾಗಬೇಕಾಯಿತು. ಕ್ವಾರ್ಟರ್‌ಬ್ಯಾಕೇ ಎಲ್ಲರಿಗಿಂತ ಹೆಚ್ಚು ಓಡಬೇಕಾದ ದಿನ ಲೈನು ಕೆಲಸ ಮಾಡಿಲ್ಲವೆಂದೇ ಅರ್ಥ. ಹಾಗೆಂದು ಅವನು ಎದುರಾಳಿಗಳ ಕೈಗೆ ಎಸೆದ ಎರಡು ಚೆಂಡುಗಳನ್ನು ಲೈನಿನ ಖಾತೆಗೆ ಬರೆಯಲು ನಾನು ಸಿದ್ಧನಿಲ್ಲ. ಫ್ಲೋರಿಡಾ ಅದುವರೆಗೆ ನಾಲ್ಕರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡ.

ಈಗ ಮನೆತನದ ಮಾತು. ಹೆಸರು ನೋಡಿ ನಂಬಿದವನೂ ನೀನೇ, ಹೆಸರು ನೋಡಿ ಹಳಿಯುತ್ತಿರುವವನೂ ನೀನೇ. ಆ ಮನೆಯ ಕಥೆಯನ್ನೇ ಸರಿಯಾಗಿ ನೋಡು. ಅಜ್ಜ ಆರ್ಚಿ ನ್ಯೂ ಓರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ ವರ್ಷಗಟ್ಟಲೆ ಆಡಿದರೂ ಗೆಲುವು ಸೋಲಿಗಿಂತ ಹೆಚ್ಚಾದ ಒಂದು ಋತುವನ್ನೂ ಅಲ್ಲಿ ಕಾಣಲಿಲ್ಲ. ಅಪ್ಪ ಕೂಪರ್‌ನಿಗೆ ಹದಿನೆಂಟರ ಹರೆಯದಲ್ಲೇ ಬೆನ್ನುಹುರಿಯ ತೊಂದರೆ ಪತ್ತೆಯಾಗಿ ಆಟ ಅಲ್ಲಿಗೇ ನಿಂತಿತು. ಚಿಕ್ಕಪ್ಪ ಪೇಟನ್ ಟೆನೆಸಿ ವಿಶ್ವವಿದ್ಯಾಲಯದಲ್ಲಿದ್ದಾಗ ಫ್ಲೋರಿಡಾ ತಂಡವನ್ನು ಒಮ್ಮೆಯೂ ಸೋಲಿಸಲಾಗದೆ ಹೋದ; ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಕಾಲಿಟ್ಟ 1998ರಲ್ಲಿ 28 ಚೆಂಡುಗಳನ್ನು ಎದುರಾಳಿಗಳ ಕೈಗಿಟ್ಟ, ಅವನ ತಂಡ ಹದಿನಾರರಲ್ಲಿ ಮೂರನ್ನು ಮಾತ್ರ ಗೆದ್ದಿತು. ನಾವು ನೆನೆಯುವ ಪೇಟನ್ ಅದರ ನಂತರದವನು. ಆ ಮನೆಯಲ್ಲಿ ಯಾರಿಗೂ ಯಾವುದೂ ತಟ್ಟೆಯಲ್ಲಿ ಬಂದು ಬೀಳಲಿಲ್ಲ, ಪ್ರಚಾರವೊಂದನ್ನು ಬಿಟ್ಟು.

ಹೆಸರಾಂತ ತಂದೆಯ ಮಗನನ್ನು ನಮ್ಮ ವಿಶ್ವವಿದ್ಯಾಲಯವಿರುವ ಆಸ್ಟಿನ್ ಊರು ಹೇಗೆ ನಡೆಸಿಕೊಂಡಿತೆಂದು ನಾನು ಒಮ್ಮೆ ಕಂಡಿದ್ದೇನೆ. 1999ರಲ್ಲಿ ಕೆಲಸಕ್ಕೆಂದು ನಾನು ಆಸ್ಟಿನ್‌ಗೆ ಬಂದ ಕಾಲಕ್ಕೆ ಮೇಜರ್ ಆಪಲ್‌ವೈಟ್ ಎಂಬ ಕುಳ್ಳನೆಯ ಹುಡುಗ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಅವನ ಬೆನ್ನಿಗೇ ಎತ್ತರದ ಆಳು ಕ್ರಿಸ್ ಸಿಮ್ಸ್ ಬಂದ, ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಫಿಲ್ ಸಿಮ್ಸ್‌ನ ಮಗ. ಊರು ಎರಡು ಪಾಳೆಯವಾಯಿತು. 2001ರ ಡಿಸೆಂಬರ್ 1ರಂದು ಬಿಗ್ 12 ಎಂಬ ಕಾಲೇಜು ಗುಂಪಿನ ಫೈನಲ್‌ನಲ್ಲಿ ಕೊಲೊರಾಡೊ ಎದುರು ಸಿಮ್ಸ್ ಚೆಂಡನ್ನು ಮತ್ತೆ ಮತ್ತೆ ಕೈಬಿಟ್ಟು, ಬೆರಳಿಗೂ ಪೆಟ್ಟು ಮಾಡಿಕೊಂಡು ಹೊರನಡೆದ. ಆಪಲ್‌ವೈಟ್ ಬಂದು ಹೆಚ್ಚುಕಡಿಮೆ ಗೆಲ್ಲಿಸಿಯೇಬಿಟ್ಟ, 39–37ರಿಂದ ಸೋತೆವು. ಆ ರಾತ್ರಿ ನನ್ನ ಸ್ನೇಹಿತನ ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದ ಹತ್ತು ಜನರೂ ಸಿಮ್ಸ್‌ನನ್ನು ಅಂಜುಬುರುಕ, ಅಪ್ಪನ ಮಗ ಎಂದೆವು, ಅದರಲ್ಲಿ ನನ್ನ ದನಿಯೇ ಜೋರಾಗಿತ್ತು. ಐದು ವರ್ಷದ ಮೇಲೆ, 2006ರ ಸೆಪ್ಟೆಂಬರಿನಲ್ಲಿ, ಟ್ಯಾಂಪಾ ಬೇ ಪರ ಆಡುವಾಗ ಹೊಡೆತಕ್ಕೆ ಗುಲ್ಮವೇ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಸಿಮ್ಸ್ ಆಟ ಮುಂದುವರಿಸಿದ, ಆಮೇಲೆ ತುರ್ತು ಶಸ್ತ್ರಚಿಕಿತ್ಸೆಯಾಯಿತು. ಅವನನ್ನು ನಾನು ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಎಂದು ಈಗಲೂ ಹೇಳಲಾರೆ. ಆದರೆ ಅಂಜುಬುರುಕ ಎಂದ ಮಾತನ್ನು ನೆನೆದರೆ ಈ ವಯಸ್ಸಿನಲ್ಲೂ ಮುಖ ಬಿಸಿಯಾಗುತ್ತದೆ. ನಮ್ಮ ಕಡೆಯೂ ಸ್ಟುವರ್ಟ್ ಬಿನ್ನಿಯನ್ನು ರೋಜರ್ ಬಿನ್ನಿಯ ಮಗನೆಂದೇ ಆಡಿಕೊಂಡವರು ಕಡಿಮೆಯಿರಲಿಲ್ಲ. 2014ರಲ್ಲಿ ಢಾಕಾದಲ್ಲಿ ನಾಲ್ಕು ರನ್ ಕೊಟ್ಟು ಆರು ವಿಕೆಟ್ ಕಿತ್ತ ದಿನ ಒಂದಿಷ್ಟು ಬಾಯಿಗಳು ಮುಚ್ಚಿದವು, ಅಷ್ಟೆ.

ಕಾದರೆ ಎಲ್ಲರೂ ಹಣ್ಣಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಗ್ಯಾರೆಟ್ ಗಿಲ್ಬರ್ಟ್‌ನನ್ನು ಮರೆತಂತಾಗುತ್ತದೆ. 2010ರ ಜನವರಿಯಲ್ಲಿ ಪ್ಯಾಸಡೀನಾದ ರಾಷ್ಟ್ರೀಯ ಫೈನಲ್‌ನಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಕೋಲ್ಟ್ ಮೆಕಾಯ್ ಪೆಟ್ಟು ತಿಂದು ಹೋದ ಮೇಲೆ, ಮೊದಲ ವರ್ಷದ ಗಿಲ್ಬರ್ಟ್ ಅಲಬಾಮಾದಂಥ ತಂಡದ ಎದುರು ನಮ್ಮನ್ನು 24–21ರವರೆಗೆ ತಂದಾಗ, ಸೋತರೂ ನಾವು ಮುಂದಿನ ಮೂರು ವರ್ಷದ ಚಿಂತೆ ತೀರಿತೆಂದುಕೊಂಡೆವು. ಅದೇ ವರ್ಷ ಅವನು 10 ಟಚ್‌ಡೌನ್ ಎಸೆದು 17 ಚೆಂಡು ಕಳೆದುಕೊಂಡ, ತಂಡ 5 ಗೆದ್ದು 7 ಸೋತಿತು. ಮುಂದಿನ ವರ್ಷ ಜಾಗವೂ ಹೋಯಿತು, ಅವನು ಬೇರೆ ಕಾಲೇಜಿಗೆ ಹೊರಟುಹೋದ. ಇತ್ತ ನಮ್ಮ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ 2004ರ ಅಕ್ಟೋಬರಿನಲ್ಲಿ ಇದೇ ಡಲ್ಲಾಸಿನಲ್ಲಿ ಓಕ್ಲಹೋಮಾ ಎದುರು ಒಂದು ಅಂಕವೂ ಕೂಡಿಸಲಾಗದೆ 12–0ರಿಂದ ಸೋತ, ಮರುವಾರ ಮಿಸೂರಿ ಪಂದ್ಯದ ನಡುವೆ ಬೆಂಚಿಗೆ ಹೋದ, ನಮ್ಮವರ ಬೂ ಎಂಬ ಕೂಗನ್ನೂ ಕೇಳಿಸಿಕೊಂಡ. ಇವನನ್ನು ಚೆಂಡು ಹಿಡಿಯುವ ಕೆಲಸಕ್ಕೆ ಹಾಕಲಿ ಎಂದು ನಾನು ಆಫೀಸಿನ ಕಾಫಿ ಮೆಷಿನ್ನಿನ ಹತ್ತಿರ ನಿಂತು ವಾದಿಸಿದ್ದೆ. ಡಲ್ಲಾಸಿನ ಆ ಸೋಲಿನ ನಂತರ ತಂಡ ಸಾಲಾಗಿ ಇಪ್ಪತ್ತು ಪಂದ್ಯ ಗೆದ್ದಿತು. ಇಪ್ಪತ್ತನೆಯದರಲ್ಲಿ, 2006ರ ಜನವರಿ 4ರಂದು, ಆಟ ಮುಗಿಯಲು 19 ಸೆಕೆಂಡು ಉಳಿದಿರುವಾಗ ನಾಲ್ಕನೆಯ ಡೌನ್‌ನಲ್ಲಿ ಅವನು ಬಲಬದಿಯ ಮೂಲೆಗೆ ಓಡಿ ರಾಷ್ಟ್ರೀಯ ಫೈನಲ್‌ನಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡವನ್ನು 41–38ರಿಂದ ಸೋಲಿಸಿದ. ಗಿಲ್ಬರ್ಟ್‌ನ ವಿಷಯದಲ್ಲಿ ನನ್ನ ನಂಬಿಕೆ ತಪ್ಪಾಯಿತು, ಯಂಗ್‌ನ ವಿಷಯದಲ್ಲಿ ನನ್ನ ಸಂಶಯ ತಪ್ಪಾಯಿತು. ಕೆಲವೇ ಪಂದ್ಯ ನೋಡಿ ತೀರ್ಪು ಕೊಟ್ಟದ್ದು ಮಾತ್ರ ಎರಡು ಸಲವೂ ಸಮಾನವಾಗಿತ್ತು. ಈಗಲೂ ಈ ಋತುವಿನಲ್ಲಿ ನಾವು ನೋಡಿರುವುದು ಐದು ಪಂದ್ಯಗಳನ್ನೇ.

ನನ್ನ ಮನಸ್ಸಿಗೆ ನಿಜವಾಗಿ ಚುಚ್ಚಿದ್ದು ನಿನ್ನ ಫೋನಲ್ಲ, ಸೆಪ್ಟೆಂಬರ್ 13ರಂದು ಯುಟೆಪ್ (ಎಲ್ ಪಾಸೊ) ತಂಡದ ಎದುರಿನ ಪಂದ್ಯ. 27–10ರಿಂದ ಗೆದ್ದ ಪಂದ್ಯವೇ ಅದು. ಮ್ಯಾನಿಂಗ್‌ನ ಹತ್ತು ಪಾಸುಗಳು ಸಾಲಾಗಿ ನೆಲಕ್ಕೆ ಬಿದ್ದವು, ಒಟ್ಟು 25ರಲ್ಲಿ 11 ಮಾತ್ರ ಕೈಸೇರಿದವು, ಒಂದು ಲಕ್ಷ ಜನರ ಆ ಬಟ್ಟಲಿನೊಳಗೆ ಬೂ ಎಂಬ ಸದ್ದು ಕೆಳಗಿನಿಂದ ಮೇಲಕ್ಕೆ ಏರಿ ಬಂತು. ನೀನು ನನ್ನ ಪಕ್ಕದಲ್ಲೇ ಎದ್ದುನಿಂತು, ನಿಂಬೆಹಣ್ಣಿನ ಷರಬತ್ತಿನ ಲೋಟವನ್ನು ಕಾಲ ಬಳಿ ಇಟ್ಟು, ಎರಡು ಕೈಯನ್ನೂ ಬಾಯಿಗೆ ಒತ್ತಿ ಕೂಗಿದೆ. ನಮ್ಮ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿಯೊಬ್ಬರು ತಿರುಗಿ ನಿನ್ನನ್ನೂ ನಿನ್ನ ಎದೆಯ ಮೇಲಿದ್ದ ಹದಿನಾರನೆಯ ನಂಬರನ್ನೂ ಒಮ್ಮೆ ನೋಡಿ, ಏನೂ ಹೇಳದೆ ಮತ್ತೆ ಮೈದಾನದ ಕಡೆ ಮುಖ ಮಾಡಿದರು. ನಿನಗೆ ಅದು ಕಾಣಲಿಲ್ಲ. ಅವನು ಇಪ್ಪತ್ತೊಂದು ವರ್ಷದವನು, ನಿನಗಿಂತ ಎರಡು ವರ್ಷ ಚಿಕ್ಕವನು. ಅವನಿಗೆ ಹಣ ಬರುತ್ತದೆ, ಜಾಹೀರಾತಿನಲ್ಲಿ ಮುಖ ಬರುತ್ತದೆ, ಹಾಗಾಗಿ ಬೈಯಿಸಿಕೊಳ್ಳಲಿ ಎಂಬ ನಿನ್ನ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದಾಗಿದೆ, ಸಂಪಾದಿಸುವವನ ಕೆಲಸವನ್ನು ನಾವು ವಿಮರ್ಶಿಸಬಹುದು. ಆದರೆ ಬಲಗಾಲಿನ ಮೇಲೆ ವಾಲುತ್ತಾನೆ ಎನ್ನುವುದು ವಿಮರ್ಶೆ. ನಮ್ಮ ಅಂಗಳದಲ್ಲಿ ನಿಂತು ನಮ್ಮ ಹುಡುಗನಿಗೇ ಊಳಿಡುವುದನ್ನು ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ಕಾಲನ್ನು ತಿದ್ದಲು ಕೋಚ್ ಸಾರ್ಕೀಸಿಯನ್ ಅವರಿದ್ದಾರೆ. ಅವರೂ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರೇ. ಋತುವಿನ ಕೊನೆಗೂ ಆ ಕಾಲು ಹಾಗೆಯೇ ಇದ್ದರೆ ನನ್ನ ಸಂಶಯವನ್ನು ನಾನೇ ನಿನ್ನೆದುರು ಗಟ್ಟಿಯಾಗಿ ಹೇಳುತ್ತೇನೆ.

ಆದ್ದರಿಂದ ಟಿಕೆಟನ್ನು ಮಾರಬೇಡ. ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ನಾವು ಈಗ ಇಪ್ಪತ್ತೈದರೊಳಗೂ ಇಲ್ಲ ಎಂಬುದು ಡಲ್ಲಾಸಿನ ಕಾಟನ್ ಬೌಲ್ ಸ್ಟೇಡಿಯಮ್ಮಿಗೆ ಹೋಗದಿರಲು ಕಾರಣವಲ್ಲ. ಐವತ್ತನೆಯ ಯಾರ್ಡಿನ ಗೆರೆಗೆ ಸರಿಯಾಗಿ ಅರ್ಧ ಸ್ಟೇಡಿಯಂ ಓಕ್ಲಹೋಮಾದವರ ಕೆಂಪು, ಅರ್ಧ ನಮ್ಮ ಸುಟ್ಟ ಕಿತ್ತಳೆ ಬಣ್ಣವಾಗಿ ಸೀಳಿಕೊಂಡಿರುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡು. ಐ-35ರಲ್ಲಿ ಶನಿವಾರ ಬೆಳಗ್ಗೆ ಹೊರಟರೆ ವೇಕೋ ದಾಟುವಷ್ಟರಲ್ಲಿ ಸಾಕಾಗುತ್ತದೆ, ಶುಕ್ರವಾರವೇ ಹೊರಡು. ಸುತ್ತಲೂ ಸ್ಟೇಟ್ ಫೇರ್ ಜಾತ್ರೆ ನಡೆದಿರುತ್ತದೆ; ಅಲ್ಲಿ ಕಡ್ಡಿಗೆ ಚುಚ್ಚಿ ಎಣ್ಣೆಯಲ್ಲಿ ಕರಿದು ಕೊಡುವುದರೊಳಗೆ ಮಾಂಸವಿರುತ್ತದೆ, ಕೇಳಿ ತಿನ್ನು. ಮೂರನೆಯ ಡೌನ್ ಬಂದಾಗಲೆಲ್ಲ ಚೆಂಡನ್ನು ನೋಡದೆ ಮ್ಯಾನಿಂಗ್‌ನ ಎಡಗಾಲನ್ನು ನೋಡು, ಮುಂದಿಟ್ಟದ್ದೆಷ್ಟು ಸಲ, ಹಿಂದೆ ಸರಿದದ್ದೆಷ್ಟು ಸಲ ಎಂದು ಟಿಕೆಟಿನ ಹಿಂದೆಯೋ ಫೋನಿನಲ್ಲೋ ಗೀಟು ಹಾಕಿಕೋ. ರಾತ್ರಿ ಫೋನ್ ಮಾಡಿದಾಗ ಸ್ಕೋರು ಹೇಳಬೇಡ, ಅದು ನನಗೂ ಟಿವಿಯಲ್ಲಿ ಕಾಣುತ್ತದೆ, ಆ ಲೆಕ್ಕ ಹೇಳು.

ನಿನ್ನ ಅತ್ತೆ ಚಕ್ಕುಲಿ ಮಾಡಿ ಡಬ್ಬಿಗೆ ತುಂಬಿದ್ದಾಳೆ, ದೀಪಾವಳಿಗೆ ಬಂದಾಗ ಒಯ್ಯಬಹುದು. ಅಂಗಿಯಿಂದ ನಿಜವಾಗಿಯೂ ನೆಲ ಒರೆಸಿದ್ದರೆ ಎರಡು ಸಲ ಮೆಷಿನ್ನಿಗೆ ಹಾಕಿ, ಶುಕ್ರವಾರದೊಳಗೆ ಒಣಗಿಸಿಕೋ.

ಇಂತು ನಿನ್ನ ಹಿತಚಿಂತಕ,
ಮಾವ