ಒಣಪುಡಿಯ ಡಬ್ಬಿ ಮತ್ತು ಕಡಲೆಕಾಯಿ ಮೊಸರು

ಹಾಸನ

ಪ್ರಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಎರಡು ವಾರವಾಯಿತು. ದೀಪಾವಳಿಗೆ ಮನೆಗೆ ಬಂದ ಮಗಳು ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಿದ್ದಾಳೆ, ಬಚ್ಚಲಿನಲ್ಲಿ ಸಾಲಾಗಿ ನಿಂತಿರುವ ಪ್ಲಾಸ್ಟಿಕ್ ಸೀಸೆಗಳೂ ಬೇಡವೆನ್ನುತ್ತಾಳೆ, ಇವನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳುವುದು ಸಾಧ್ಯವೇ ಎಂದು ಕೇಳಿದ್ದೀಯೆ. ನಾಲ್ಕು ವರ್ಷಗಳಿಂದ ನಾನು ಮಾಡಿಕೊಂಡು ಬಂದಿರುವುದನ್ನು ನೆನಪಿನಿಂದ ಬರೆಯುವ ಬದಲು, ಇನ್ನೊಮ್ಮೆ ಅಳತೆ ಹಿಡಿದು ಮಾಡಿ ನೋಡಿಯೇ ಬರೆಯೋಣವೆಂದು ಉತ್ತರ ತಡಮಾಡಿದೆ.

ಈ ಕೆಲಸದಲ್ಲಿ ಮೊದಲು ತಿಳಿಯಬೇಕಾದದ್ದು ನೀರಿನ ಸಂಗತಿ. ಅಂಗಡಿಯ ಶಾಂಪೂ, ಕ್ರೀಮುಗಳಲ್ಲಿ ನೀರಿನ ಭಾಗವೇ ದೊಡ್ಡದು; ಆ ನೀರು ಕೆಡದಿರಲಿ ಎಂದು ಸಂರಕ್ಷಕಗಳನ್ನು ಸೇರಿಸುತ್ತಾರೆ, ಆ ನೀರನ್ನು ಹಿಡಿದಿಡುವುದಕ್ಕೇ ಪ್ಲಾಸ್ಟಿಕ್ ಸೀಸೆ ಬೇಕಾಗುತ್ತದೆ. ನಾವು ಮನೆಯಲ್ಲಿ ಸಂರಕ್ಷಕ ಹಾಕುವುದಿಲ್ಲವಾದ್ದರಿಂದ ನೀರು ಸೋಕಿದ ಯಾವುದನ್ನೂ ಕೂಡಿಡಬಾರದು. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಮೊದಲ ವರ್ಷ ಹಿತ್ತಲಿನ ಲೋಳೆಸರದ ತಿರುಳನ್ನು ರುಬ್ಬಿ, ಪನ್ನೀರು ಬೆರೆಸಿ ಸೀಸೆಗೆ ತುಂಬಿಟ್ಟಿದ್ದೆ. ಹತ್ತು ದಿನಗಳಲ್ಲಿ ಅದಕ್ಕೆ ಹುಳಿವಾಸನೆ ಬಂದಿತ್ತು. ನೈಸರ್ಗಿಕವಾದದ್ದು ಏನು ಮಾಡೀತು ಎಂಬ ಧೈರ್ಯದಲ್ಲಿ ಹಚ್ಚಿಕೊಂಡೆ. ಕುತ್ತಿಗೆಯ ಸುತ್ತ ಎದ್ದ ಗಂಧೆ ಇಳಿಯಲು ಚರ್ಮದ ವೈದ್ಯರ ಬಳಿಗೆ ಹೋಗಬೇಕಾಯಿತು. ಅಂದಿನಿಂದ ನಮ್ಮ ಬಚ್ಚಲಿನ ಡಬ್ಬಿಗಳಲ್ಲಿ ಇರುವುದು ಒಣಪುಡಿ ಮತ್ತು ಎಣ್ಣೆ ಮಾತ್ರ. ನೀರು ಸೇರುವುದು ಬಳಸುವ ಹೊತ್ತಿನಲ್ಲಿ, ಅಂಗೈಯಲ್ಲಿ.

ತಲೆಗೆ ಸೀಗೆಪುಡಿ. ಗ್ರಂಧಿಗೆ ಅಂಗಡಿಯಿಂದ ಒಂದು ಕಿಲೋ ಸೀಗೆಕಾಯಿ ತಂದು, ಬೀಜ ತೆಗೆದು, ಅದಕ್ಕೆ ಕಾಲು ಕಿಲೋ ಹೆಸರುಕಾಳು, 100 ಗ್ರಾಂ ಮೆಂತ್ಯ, ನೆರಳಿನಲ್ಲಿ ಒಣಗಿಸಿದ ಎರಡು ಹಿಡಿ ದಾಸವಾಳದ ಎಲೆ ಸೇರಿಸಿ, ಎಲ್ಲವನ್ನೂ ಮುರಿದರೆ ಟಪ್ಪೆನ್ನುವವರೆಗೆ ಬಿಸಿಲಿಗೆ ಹಾಕಬೇಕು. ಹಿಟ್ಟಿನ ಮಿಲ್ಲಿನಲ್ಲಿ ಮೊದಲೇ ಕೇಳಿಕೊಂಡು ಹೋಗು. ರಾಗಿ, ಅಕ್ಕಿ ಬೀಸುವ ಯಂತ್ರಕ್ಕೆ ಸೀಗೆಕಾಯಿ ಹಾಕಲು ಅವರು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ವಾರಕ್ಕೊಮ್ಮೆ ತಲೆಗೆ ಎರೆದುಕೊಳ್ಳುವ ಇಬ್ಬರಿಗೆ ಇದು ನಾಲ್ಕೈದು ತಿಂಗಳಿಗೆ ಸಾಕು. ಬಸಿದ ಅನ್ನದ ಗಂಜಿಯಲ್ಲಿ ಕಲಸಿಕೊಂಡರೆ ಪುಡಿ ಕೂದಲಿಗೆ ಚೆನ್ನಾಗಿ ಹಿಡಿಯುತ್ತದೆ. ಸೀಗೆಕಾಯಿಯಲ್ಲಿರುವ ಸಪೋನಿನ್ ಎಂಬ ಅಂಶವೇ ನೊರೆ ಕೊಟ್ಟು ಜಿಡ್ಡನ್ನು ಬಿಡಿಸುವುದು. ನೊರೆ ಕಡಿಮೆಯೆಂದು ಮಗಳು ಮೊದಲ ಕೆಲವು ವಾರ ಬೇಸರಪಡಬಹುದು. ಕಣ್ಣಿಗೆ ಮಾತ್ರ ಹೋಗದಂತೆ ನೋಡಿಕೊಳ್ಳಲಿ, ಉರಿ ಸಾಮಾನ್ಯದ್ದಲ್ಲ. ಬಚ್ಚಲಿನ ಆ ನೀರು ನಮ್ಮ ಮನೆಯಲ್ಲಿ ಬಾಳೆಯ ಬುಡಕ್ಕೆ ಹರಿಯುತ್ತದೆ.

ಮೈಗೆ ಹೆಸರುಹಿಟ್ಟು ಮತ್ತು ಚಿಟಿಕೆ ಕಸ್ತೂರಿ ಅರಿಶಿನ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ನಿನ್ನ ತಾಯಿಯವರೂ ನಮಗೆ ಎಣ್ಣೆಸ್ನಾನ ಮಾಡಿಸಿ ಅದನ್ನೇ ತಿಕ್ಕುತ್ತಿದ್ದರು. ಮುಖಕ್ಕೆ ನಿಂಬೆರಸ ಹಚ್ಚುವ ಸಲಹೆಯನ್ನು ಎಲ್ಲಿ ಕೇಳಿದರೂ ಮಗಳು ಪಾಲಿಸದಿರಲಿ. ನಿಂಬೆರಸ ಹಚ್ಚಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ. ಅಡುಗೆ ಸೋಡಾದಿಂದ ತಲೆ ತೊಳೆಯುವುದೂ ಬೇಡ. ನಮ್ಮ ಚರ್ಮದ ಗುಣ ಸ್ವಲ್ಪ ಆಮ್ಲೀಯವಾದದ್ದು, ಸೋಡಾ ಕ್ಷಾರ, ಕೂದಲು ಒರಟಾಗುತ್ತದೆ. ಬಿಸಿಲಿನ ರಕ್ಷಣೆಗೆ ಹಚ್ಚುವ ಕ್ರೀಮನ್ನು ಮನೆಯಲ್ಲಿ ಮಾಡಲು ಹೋಗಲೇಬಾರದು; ಅದೊಂದನ್ನು ಅಂಗಡಿಯಿಂದಲೇ ತರಲಿ. ಎಲ್ಲವನ್ನೂ ಮನೆಯಲ್ಲೇ ಮಾಡಿದರೆ ಮಾತ್ರ ಶುದ್ಧ ಎಂಬ ಹಟ ನನಗೆ ಸರಿ ಕಾಣುವುದಿಲ್ಲ.

ಇನ್ನು ಊಟ. ಪ್ರಾಣಿಗಳಿಂದ ಬಂದ ಏನನ್ನೂ ತಿನ್ನದವರಿಗೆ ಹೇಳುವ ವೀಗನ್ ಎಂಬ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಆದರೆ ಆ ಊಟದ ಬಹುಪಾಲು ನಿನ್ನ ಅಡುಗೆಮನೆಯಲ್ಲಿ ಆಗಲೇ ಇದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಉಪ್ಸಾರು, ಹುಚ್ಚೆಳ್ಳು ಚಟ್ನಿ, ಅಕ್ಕಿರೊಟ್ಟಿ, ಕಾಯಿಹಾಲಿನೊಡನೆ ಒತ್ತುಶ್ಯಾವಿಗೆ, ಇವುಗಳಲ್ಲಿ ಹಾಲಿನ ಹನಿಯೂ ಇಲ್ಲ. ಮೇಲೆ ತುಪ್ಪ ಬಡಿಸದಿದ್ದರೆ ಸಾಕು. ಆದ್ದರಿಂದ ಅವಳಿಗಾಗಿ ಬೇರೆ ಅಡುಗೆ ಮಾಡಬೇಕೆಂದು ಅತ್ತಿಗೆಯವರು ದಣಿಯಬೇಕಿಲ್ಲ. ಕಾಫಿಗೆ ಕಾಯಿಹಾಲು ಹಾಕಿ ನೋಡಿದೆ, ನನಗೆ ಒಗ್ಗಲಿಲ್ಲ. ಸಕಲೇಶಪುರದ ಕಡೆ ಕುಡಿಯುವ ಬೆಲ್ಲದ ಕರಿಕಾಫಿ ಅದಕ್ಕಿಂತ ಎಷ್ಟೋ ಮೇಲು.

ನಿಜವಾದ ಕೊರತೆ ಮೊಸರಿನದು, ಏಕೆಂದರೆ ಮೊಸರನ್ನವಿಲ್ಲದೆ ನಮ್ಮ ಊಟ ಮುಗಿದಂತಾಗುವುದಿಲ್ಲ. ಒಂದು ಲೋಟ ಕಡಲೆಕಾಯಿ ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರಿನೊಡನೆ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸು. ಆ ಹಾಲನ್ನು ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ ಹತ್ತು ನಿಮಿಷ ಕುದಿಸಿ, ಬೆರಳಿಗೆ ಹಿತವಾದ ಬಿಸಿಗೆ ಇಳಿದ ಮೇಲೆ ಏಳೆಂಟು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ತೊಳೆದು ಅದರಲ್ಲಿ ಮುಳುಗಿಸಬೇಕು. ತೊಟ್ಟಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳೇ ಹೆಪ್ಪಿನ ಕೆಲಸ ಮಾಡುತ್ತವೆ. ನಮ್ಮೂರಿನ ಈ ಚಳಿಯಲ್ಲಿ ಹೆಪ್ಪಾಗಲು ಹದಿನಾಲ್ಕು ಗಂಟೆ ಹಿಡಿಯಿತು, ಅದೂ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಟ್ಟ ಮೇಲೆ. ಮೊದಲ ಸಲದ್ದು ತೆಳ್ಳಗೆ, ಒಡೆದಂತೆ ಇರುತ್ತದೆ, ಅದನ್ನು ಚೆಲ್ಲಬಾರದು. ಅದರ ಒಂದು ಚಮಚವನ್ನು ಮಾರನೆಯ ದಿನದ ಹಾಲಿಗೆ ಹೆಪ್ಪು ಹಾಕಿದರೆ ಗಟ್ಟಿ ಮೊಸರಾಗುತ್ತದೆ. ಕಡಲೆಕಾಯಿಯ ವಾಸನೆ ಪೂರ್ತಿ ಹೋಗುವುದಿಲ್ಲ, ಆದರೆ ಇಂಗಿನ ಒಗ್ಗರಣೆ ಬಿದ್ದ ಮೊಸರನ್ನದಲ್ಲಿ ನನ್ನ ಹೆಂಡತಿಗೆ ಅದು ಗೊತ್ತಾಗಲಿಲ್ಲ. ಸೋಸಿ ಉಳಿದ ಹಿಂಡಿಯನ್ನು ಅಂದೇ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿಬಿಡಿ. ಇದಕ್ಕೂ ನೀರಿನದೇ ನಿಯಮ, ಎರಡು ದಿನಕ್ಕಾಗುವಷ್ಟನ್ನು ಮಾತ್ರ ಮಾಡಬೇಕು.

ತಂದೆಯಾಗಿ ನೀನು ಚಿಂತಿಸಬೇಕಾದ ಒಂದು ವಿಷಯ ಬಿ12 ಜೀವಸತ್ವದ್ದು. ಸುಣ್ಣದ ಅಂಶಕ್ಕೆ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು, ಎಳ್ಳೂ ಇದೆ. ಆದರೆ ಬಿ12 ನಾವು ತಿನ್ನುವ ಕಾಳು, ಸೊಪ್ಪು, ತರಕಾರಿ ಯಾವುದರಲ್ಲೂ ಸಿಗುವುದಿಲ್ಲ. ಪಿತ್ತಜನಕಾಂಗದಲ್ಲಿ ಅದರ ದಾಸ್ತಾನು ಇರುವುದರಿಂದ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು, ಕಾಣಿಸಿಕೊಂಡಾಗ ನರಗಳಿಗೆ ಹಾನಿಯಾಗಿರಬಹುದು. ಅವಳ ನಿರ್ಧಾರವನ್ನು ತಡೆಯಬೇಡ, ದಯೆಯಿಂದ ಮಾಡಿದ ನಿರ್ಧಾರವದು. ಈಗಲೇ ವೈದ್ಯರ ಬಳಿ ಕರೆದುಕೊಂಡು ಹೋಗಿ ಮಾತ್ರೆಯ ಪ್ರಮಾಣವನ್ನು ಕೇಳಿಕೋ.

ಅರಸೀಕೆರೆಯಿಂದ ಬರುವ ಕೊಬ್ಬರಿಯನ್ನು ಗಾಣದಲ್ಲಿ ಆಡಿಸಿದ ಎಣ್ಣೆ ಒಂದು ಸೀಸೆ, ಸೀಗೆಪುಡಿ ಒಂದು ಡಬ್ಬಿ ಕಳುಹಿಸುತ್ತಿದ್ದೇನೆ. ಡಬ್ಬಿಗೆ ಒದ್ದೆ ಕೈ ಹಾಕಬೇಡವೆಂದು ಮಗಳಿಗೆ ಹೇಳು. ಸೊಗಡಿನ ಅವರೆಕಾಯಿ ಬರುವ ಹೊತ್ತಿಗೆ ಮೂವರೂ ಬನ್ನಿ, ಹಿತಕಿದ ಬೇಳೆ ಸಾರು ಮಾಡೋಣ. ಬರುವಾಗ ಖಾಲಿ ಡಬ್ಬಿ, ಸೀಸೆಗಳನ್ನು ಮರೆಯದೆ ತಾ, ತುಂಬಿಸಿ ಕೊಡುತ್ತೇನೆ.

ನಿನ್ನ ಗೆಳೆಯ