ಗಂಟು ಕೊಯ್ಸೋಕೆ ಮುಂಚೆ ಆಳದ ಬಯಾಪ್ಸಿ ಮಾಡಿಸಿ

ಮಾನ್ಯ ಸಂಪಾದಕರೇ,

ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆನೇ ದೇಹದ ಮೇಲೆ ತಿರುಗಿ ಬೀಳೋ ಕಾಯಿಲೆ) ಬಗ್ಗೆ ಪೇಪರಲ್ಲಿ ಬರೋದೆಲ್ಲ ಕೆನ್ನೆ ಮೇಲಿನ ಚಿಟ್ಟೆ ಆಕಾರದ ಕೆಂಪು ಕಲೆ, ಕೀಲುನೋವು, ಕಿಡ್ನಿ ಇಷ್ಟರಲ್ಲೇ ಮುಗ್ದೋಗತ್ತೆ. ಚರ್ಮದ ಮೇಲೆ ಅಷ್ಟಾಗಿ ಏನೂ ಕಾಣದೆ ಕೆಳಗಿರೋ ಕೊಬ್ಬಿನ ಪದರದಲ್ಲಿ ಉರಿಯೂತ ಆಗೋ ಲೂಪಸ್ಸೂ ಇದೆ, ಲೂಪಸ್ ಪ್ಯಾನಿಕ್ಯುಲೈಟಿಸ್ ಅಂತಾರೆ, ತುಂಬಾ ಅಪರೂಪ. ನಮ್ಮಕ್ಕಂಗೆ ಇರೋದು ಅದೇ.

ತೋಳಿನ ಮೇಲ್ಭಾಗದಲ್ಲಿ ಗಟ್ಟಿ ಗಂಟು, ಒತ್ತಿದ್ರೆ ನೋವು. ಒಬ್ರು ಕುರು ಅಂತ ಆಂಟಿಬಯೋಟಿಕ್ ಕೊಟ್ರು, ಇನ್ನೊಬ್ರು ಕೊಬ್ಬಿನ ಗಡ್ಡೆ, ಕೊಯ್ದು ತೆಗೆದ್ಬಿಡೋಣ ಅಂದ್ರು. ಈ ಕಾಯಿಲೇಲಿ ಪೆಟ್ಟು ಬಿದ್ದ ಜಾಗ, ಆಪರೇಷನ್ ಆದ ಜಾಗ ಮತ್ತೆ ಕೆರಳಬಹುದು. ಅದೂ ಅಲ್ದೆ ಗಂಟು ಇಳಿದ ಮೇಲೆ ಅಲ್ಲಿನ ಕೊಬ್ಬು ಕರಗಿ ಗುಳಿ ಬೀಳತ್ತೆ, ಹಾಗೆ ಬಿದ್ದ ಗುಳಿನ ಯಾವ ಮಾತ್ರೆನೂ ತುಂಬಿಸಿಕೊಡಲ್ಲ, ಅದು ಮುಖದ ಮೇಲಾದ್ರೆ ಆ ಹುಡುಗಿ ಕಥೆ ಏನು ಯೋಚ್ನೆ ಮಾಡಿ. ಬೇಗ ಪತ್ತೆ ಆಗ್ಲೇಬೇಕು ಅನ್ನೋದು ಇದಕ್ಕೇ.

ಪತ್ತೆಗೆ ಬಯಾಪ್ಸಿ ಬೇಕೇ ಬೇಕು, ಮೇಲ್ಮೇಲಿಂದ ಒಂಚೂರು ಚರ್ಮ ತೆಗೆದ್ರೆ ಆಗಲ್ಲ, ಕೊಬ್ಬಿನವರೆಗೂ ಆಳಕ್ಕೆ ಹೋಗ್ಬೇಕು. ಕಾಯಿಲೆ ಇರೋದೇ ಕೆಳಗೆ ಅಂದ್ಮೇಲೆ ಮೇಲಿನ ಚೂರಲ್ಲಿ ಎಲ್ಲಿ ಸಿಗತ್ತೆ? ಜೊತೆಗೆ ಇಮ್ಯುನೋಫ್ಲೋರೆಸೆನ್ಸ್ ಟೆಸ್ಟೂ (ತೆಗೆದ ಚೂರಲ್ಲಿ ಆಂಟಿಬಾಡಿ ಕೂತಿದ್ಯಾ ಅಂತ ಹೊಳೆಯೋ ಬಣ್ಣ ಹಾಕಿ ನೋಡೋದು) ಮಾಡ್ಸಿದ್ರೆ ಒಳ್ಳೇದು. ಒಂದು ಜಾತಿಯ ಟಿ-ಸೆಲ್ ಲಿಂಫೋಮಾ, ಅಂದ್ರೆ ಕ್ಯಾನ್ಸರ್, ಥೇಟ್ ಹಿಂಗೇ ಗಂಟಾಗಿ ಬರತ್ತೆ, ಮೈಕ್ರೋಸ್ಕೋಪಲ್ಲೂ ಎರಡನ್ನ ಬೇರೆ ಮಾಡೋದು ಕೆಲವು ಸಲ ಕಷ್ಟ, ಹಾಗಾಗಿ ಅನುಭವ ಇರೋ ಪೆಥಾಲಜಿಸ್ಟೇ ನೋಡ್ಬೇಕು, ಅನುಮಾನ ಉಳಿದ್ರೆ ಮತ್ತೊಂದ್ಸಲ ಬಯಾಪ್ಸಿ ಮಾಡಿಸೋಕೂ ಹಿಂದೆಮುಂದೆ ನೋಡಬಾರ್ದು. ಇನ್ನು ರಕ್ತದ ಎಎನ್ಎ ಟೆಸ್ಟ್ (ಸ್ವಂತ ಜೀವಕೋಶಗಳ ವಿರುದ್ಧವೇ ಇರೋ ಆಂಟಿಬಾಡಿ ಹುಡುಕೋದು) ನೆಗೆಟಿವ್ ಬಂತು, ಲೂಪಸ್ ಇಲ್ಲ ಬಿಡಿ ಅಂತ ಕಳಿಸೋದು ದೊಡ್ಡ ತಪ್ಪು, ಈ ಬಗೇಲಿ ಅದು ಎಷ್ಟೋ ಜನಕ್ಕೆ ನೆಗೆಟಿವ್ವೇ ಇರತ್ತೆ.

ಔಷಧಿ ಇದೆ. ಸಾಮಾನ್ಯವಾಗಿ ಮೊದಲು ಕೊಡೋದು ಹೈಡ್ರಾಕ್ಸಿಕ್ಲೋರೋಕ್ವಿನ್, ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 5 ಮಿಲಿಗ್ರಾಂ ಮೀರದ ಹಾಗೆ. ಕೆಲಸ ಮಾಡೋಕೆ 2-3 ತಿಂಗಳಾದ್ರೂ ಹಿಡಿಯತ್ತೆ, ಎರಡು ವಾರಕ್ಕೆ ಏನೂ ಆಗ್ಲಿಲ್ಲ ಅಂತ ದಯವಿಟ್ಟು ನಿಲ್ಲಿಸ್ಬೇಡಿ. ಈ ಮಾತ್ರೆ ಕಣ್ಣಿನ ರೆಟಿನಾಗೆ ತೊಂದ್ರೆ ಮಾಡಬಹುದು, ಅದಕ್ಕೆ ಶುರುವಲ್ಲಿ ಒಂದ್ಸಲ ರೆಟಿನಾ ಚೆಕ್ ಆಗ್ಬೇಕು, 5 ವರ್ಷ ಆದ್ಮೇಲೆ ಪ್ರತಿ ವರ್ಷ, ಕಿಡ್ನಿ ತೊಂದ್ರೆ ಇರೋರಿಗೆ ಇನ್ನೂ ಬೇಗ. ಸಿಗರೇಟ್ ಸೇದೋರಲ್ಲಿ ಚರ್ಮದ ಲೂಪಸ್ ಹತೋಟಿಗೆ ಬರೋದು ಕಷ್ಟ. ಬಿಸಿಲಿಂದ ಚರ್ಮ ಕಾಪಾಡ್ಕೋಬೇಕು.

ನಿಮ್ಮ ಆರೋಗ್ಯ ಪುಟದಲ್ಲಿ ಚರ್ಮತಜ್ಞರ ಕೈಲಿ ಇದರ ಬಗ್ಗೆ ಒಂದು ಲೇಖನ ಬರೆಸಿ, ಗಂಟು ಮತ್ತು ಗುಳಿಯ ಫೋಟೋ ಸಮೇತ.

ಇಂತಿ,
ನಿಮ್ಮ ಓದುಗ